ಪ್ರಸಾದಕ್ಕೆ ಲೆಕ್ಕವುಂಟೆ?



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಬಸವಣ್ಣನವರು ಒಂದು ದಿನ ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರೆಂದೂ, ಮಾರಯ್ಯನವರು ಅದನ್ನೆಲ್ಲ ಆಯ್ದು ಮನೆಗೆ ತಂದಾಗ ಲಕ್ಕಮ್ಮನವರು ನೋಡಿದೊಡನೆಯೇ ಇದು ನಿತ್ಯದ ಅಳತೆಗಿಂತ ಹೆಚ್ಚೆಂದು ಗುರುತಿಸಿ, ಮಿಕ್ಕಿದ್ದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರೆಂದೂ ಪರಂಪರೆ ಹೇಳುತ್ತದೆ. ಪ್ರವಚನಗಳಲ್ಲಿ ಈ ಪ್ರಸಂಗವನ್ನು ನಾವು ನಿರಾಸೆಗೆ, ಅಂದರೆ ಆಸೆಯಿಲ್ಲದಿರುವಿಕೆಗೆ ನಿದರ್ಶನವಾಗಿ ಹೇಳುತ್ತೇವೆ. ನಾನೂ ಹಲವು ಸಲ ಹಾಗೆಯೇ ಹೇಳಿದ್ದೇನೆ. ಆದರೆ ಹೆಚ್ಚಾಗಿದೆಯೆಂಬುದು ಆ ತಾಯಿಗೆ ತಿಳಿದದ್ದಾದರೂ ಹೇಗೆ? ತನ್ನ ಮನೆಯ ಅಳತೆ ಅವರಿಗೆ ಗೊತ್ತಿತ್ತು. ಅಳತೆ ಗೊತ್ತಿಲ್ಲದವನಿಗೆ ಹೆಚ್ಚಾದದ್ದೂ ಕಾಣದು. ಇಷ್ಟು ಸರಳವಾದ ಮಾತು ನನ್ನ ತಲೆಗೆ ಹೊಕ್ಕದ್ದು ಯಾವ ಗ್ರಂಥದಿಂದಲೂ ಅಲ್ಲ, ರಕ್ತಪರೀಕ್ಷೆಯ ಒಂದು ಚೀಟಿಯಿಂದ.

ಕಳೆದ ವರ್ಷ ಶ್ರೀಮಠದ ಆವರಣದಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಬಂದವರ ಹೆಸರು, ಊರು, ವಯಸ್ಸು ಬರೆದುಕೊಳ್ಳುವ ಸೇವೆ ನನ್ನ ಪಾಲಿಗಿತ್ತು. ಸಂಜೆ ಜನ ಕರಗಿದ ಮೇಲೆ, "ನೀವೂ ಒಮ್ಮೆ ಬೆರಳು ಕೊಡಿ ಮೇಷ್ಟ್ರೇ" ಎಂದು ವೈದ್ಯರು ಕರೆದರು. ಕೊಟ್ಟೆ. ಅಂಕಿಯನ್ನು ನೋಡಿ ಅವರು ಇನ್ನೊಂದು ಪರೀಕ್ಷೆಗೆ ಬರೆದುಕೊಟ್ಟರು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಆ ಪರೀಕ್ಷೆಯಲ್ಲಿ 6.2 ಬಂತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, ಅದನ್ನು ದಾಟಿದರೆ ಮನೆಯೊಳಗೆ ಬಂದಂತೆ ಎಂದು ಅವರು ತಿಳಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ, ಹೊಸ್ತಿಲ ಮೇಲೆ ನಿಂತವರು ಸುಮಾರು 13.6 ಕೋಟಿ. ಈ ಎರಡನೆಯ ಸಂಖ್ಯೆಯಲ್ಲಿ ನಾನೂ ಒಬ್ಬನೆಂಬುದು ತಿಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕಾರಣವಿತ್ತು. ನನ್ನೂರು ಹೆಮ್ಮಿಗೆ, ತಿರುಮಕೂಡಲು ನರಸೀಪುರ ತಾಲ್ಲೂಕಿನ, ತಲಕಾಡಿನ ಸಮೀಪದ ಗ್ರಾಮ. ಅಪ್ಪ ಅಲ್ಲಿ ಗದ್ದೆಯ ಬೇಸಾಯ ಮಾಡಿದವರು. ಸಕ್ಕರೆ ಕಾಯಿಲೆ ಅವರಿಗೆ ಯಾವಾಗ ಬಂತೋ ಯಾರಿಗೂ ತಿಳಿಯದು. ತಿಳಿದದ್ದು ಕಾಲಿನ ಗಾಯ ಮಾಯದೆ ಹೋದಾಗ. ಕೆಸರಿನಲ್ಲಿ ಏನೋ ಚುಚ್ಚಿದ್ದು ಅವರ ಅರಿವಿಗೇ ಬಂದಿರಲಿಲ್ಲ, ಅಷ್ಟರಮಟ್ಟಿಗೆ ಪಾದದ ಸ್ಪರ್ಶಜ್ಞಾನ ಹೋಗಿತ್ತು. ಮೊದಲು ಒಂದು ಬೆರಳು, ಆಮೇಲೆ ಅರ್ಧ ಪಾದ. ಅವರು ಲಿಂಗೈಕ್ಯರಾಗಿ ಎಂಟು ವರ್ಷಗಳಾದವು. ಆ ಗಾಯಕ್ಕೆ ಅವ್ವ ಪಟ್ಟಿ ಬದಲಿಸುತ್ತಿದ್ದ ವಾಸನೆ ನನಗೆ ಇಂದಿಗೂ ನೆನಪಿದೆ.

ಆಹಾರವನ್ನು ಬರೆದಿಡಿ ಎಂದು ವೈದ್ಯರು ಹೇಳಿದಾಗ ಶ್ರೀಮಠದ ವಿದ್ಯಾರ್ಥಿನಿಲಯದ ಹುಡುಗನೊಬ್ಬ ನನ್ನ ಮೊಬೈಲಿಗೆ ಒಂದು ಆಪ್ ಹಾಕಿಕೊಟ್ಟ. ತಿಂದ ಪದಾರ್ಥದ ಹೆಸರು ಮತ್ತು ಪ್ರಮಾಣವನ್ನು ತುಂಬಿದರೆ ಅದರ ಶಕ್ತಿ, ಪಿಷ್ಟ, ಪ್ರೋಟೀನು, ಕೊಬ್ಬುಗಳನ್ನು ಅದು ಕೂಡಿಸಿ ತೋರಿಸುತ್ತದೆ. ತಟ್ಟೆಯ ಚಿತ್ರವನ್ನು ತೆಗೆದರೆ ತಾನೇ ಊಹಿಸಿಯೂ ಬರೆಯುತ್ತದೆ. ಇಂಥವು ಈಗ ಬಹಳವಿವೆ. ಅಮೆರಿಕದ ಮೈಫಿಟ್‌ನೆಸ್‌ಪಾಲ್ 2005ರಲ್ಲಿ ಆರಂಭವಾದದ್ದು; ನಮ್ಮ ಬೆಂಗಳೂರಿನಲ್ಲಿಯೇ 2012ರಲ್ಲಿ ಹುಟ್ಟಿದ ಹೆಲ್ತಿಫೈಮಿ ಭಾರತೀಯ ಅಡುಗೆಗಳ ಪಟ್ಟಿಯನ್ನು ಕಟ್ಟಿಕೊಂಡು ಬೆಳೆಯಿತು; ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2019ರಲ್ಲಿ ನ್ಯೂಟ್ರಿಫೈ ಇಂಡಿಯಾ ನೌ ಎಂಬುದನ್ನು ಹೊರತಂದಿತು. ನಾನು ಬಳಸಿದ್ದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಗುಣದೋಷಗಳಲ್ಲಿ ಇವೆಲ್ಲ ಅಣ್ಣತಮ್ಮಂದಿರು.

ಮೊದಲ ವಾರವೇ ನನ್ನ ಗರ್ವಭಂಗವಾಯಿತು. ನಾನು ಮಿತಾಹಾರಿಯೆಂದು ನಂಬಿದ್ದವನು. ಬೆಳಿಗ್ಗೆ ಲಿಂಗಪೂಜೆಯಾಗುವವರೆಗೆ ಏನನ್ನೂ ಸ್ವೀಕರಿಸುವುದಿಲ್ಲ, ರಾತ್ರಿ ಒಂದೇ ಮುದ್ದೆ. ಇನ್ನೇನು ಬೇಕು? ಆದರೆ ಬರೆಯತೊಡಗಿದಾಗ ಚಹಾ ಹೊರಬಿತ್ತು. ಗ್ರಂಥಾಲಯಕ್ಕೆ ಯಾರಾದರೂ ಬಂದರೆ ಒಂದು ಲೋಟ, ಕರಡು ತಿದ್ದುವಾಗ ಒಂದು ಲೋಟ, ಭಕ್ತರ ಮನೆಗೆ ಹೋದರೆ ಬೇಡವೆನ್ನುವ ಹಾಗಿಲ್ಲ. ದಿನಕ್ಕೆ ಆರು ಲೋಟ. ಒಂದೊಂದಕ್ಕೆ ಎರಡು ಚಮಚೆಯೆಂದರೂ ಹನ್ನೆರಡು ಚಮಚೆ, ಸುಮಾರು 60 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸೂಚನೆಯಂತೆ ಹೀಗೆ ಬೆರೆಸಿದ ಸಕ್ಕರೆ ದಿನಕ್ಕೆ 25 ಗ್ರಾಮಿನ ಆಸುಪಾಸಿನಲ್ಲಿದ್ದರೆ ಒಳಿತು. ಊಟದಲ್ಲಿ ಮಿತವಾಗಿದ್ದೇನೆಂದುಕೊಂಡವನು ಊಟವಲ್ಲದ ಊಟದಲ್ಲಿ ಮುಳುಗಿದ್ದೆ. ಇದನ್ನು ನನಗೆ ಯಾವ ಮನುಷ್ಯರೂ ಹೇಳಿರಲಿಲ್ಲ. ಹೇಳುವವರೆಲ್ಲರೂ ಚಹಾ ಕೊಡುವವರೇ ಆಗಿದ್ದರಲ್ಲ!

ಬರೆದಿಡುವುದರಿಂದ ಪ್ರಯೋಜನವುಂಟೆಂಬುದಕ್ಕೆ ಶಾಸ್ತ್ರೀಯ ಆಧಾರವೂ ಇದೆ. 2008ರಲ್ಲಿ ಅಮೆರಿಕದಲ್ಲಿ ಸುಮಾರು 1,700 ಜನರನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ, ವಾರದ ಬಹುತೇಕ ದಿನ ಆಹಾರವನ್ನು ಬರೆದಿಟ್ಟವರು ಬರೆಯದವರಿಗಿಂತ ಸುಮಾರು ಎರಡು ಪಟ್ಟು ತೂಕ ಇಳಿಸಿಕೊಂಡದ್ದು ಕಂಡಿತು. ಅಲ್ಲಿ ಮುಖ್ಯವಾದದ್ದು ಯಂತ್ರವಲ್ಲ, ಬರೆಯುವ ಅಭ್ಯಾಸ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ನಮ್ಮ ಆಚಾರ್ಯರು ಹೇಳಿದ ಭಕ್ತಿ ಯಾವುದು? ಶ್ರದ್ಧೆಯಲ್ಲ, ನಿಷ್ಠೆಯಲ್ಲ, ಅವು ಭಕ್ತ, ಮಹೇಶ ಸ್ಥಲಗಳಿಗೆ ಸೇರಿದವು. ಪ್ರಸಾದಿಯದು ಅವಧಾನಭಕ್ತಿ. ತಾನು ಏನನ್ನು ಸ್ವೀಕರಿಸುತ್ತಿದ್ದೇನೆ, ಅದು ಎಲ್ಲಿಂದ ಬಂತು, ಯಾರಿಗೆ ಅರ್ಪಿತವಾಗಿ ಬಂತು ಎಂಬ ಎಚ್ಚರ. ಎಂ.ಎ. ತರಗತಿಯಲ್ಲಿ ಈ ಪದವನ್ನು ಬಾಯಿಪಾಠ ಮಾಡಿ ಅಂಕ ಪಡೆದಿದ್ದೆ. ತುತ್ತು ತುತ್ತಿಗೆ ಎಚ್ಚರವಾಗಿರುವುದು ಎಷ್ಟು ಕಷ್ಟವೆಂದು ತಿಳಿದದ್ದು ಆಪಿನಲ್ಲಿ ಆರನೆಯ ಚಹಾ ತುಂಬುವಾಗ. ಶರಣರು ಲೆಕ್ಕಕ್ಕೆ ವಿರೋಧಿಗಳಾಗಿರಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿಕೊಂಡವರು.

ಇಷ್ಟು ಉಪಕಾರವನ್ನು ಸ್ಮರಿಸಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ನನ್ನ ಆಪಿನಲ್ಲಿ 'ರಾಗಿ ಮುದ್ದೆ, ಒಂದು, ಮಧ್ಯಮ' ಎಂದಿತ್ತು. ಯಾರ ಮಧ್ಯಮ? ದಾಸೋಹದ ಉಗ್ರಾಣದ ತೂಕದ ಯಂತ್ರದ ಮೇಲೆ ನಮ್ಮ ಮುದ್ದೆಯನ್ನಿಟ್ಟು ನೋಡಿದೆ. ಅದು ಆಪಿನ ಮುದ್ದೆಗಿಂತ ಹೆಚ್ಚುಕಡಿಮೆ ಎರಡರಷ್ಟಿತ್ತು. ಅಡುಗೆಯ ಶರಣರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ. ಮುದ್ದೆಯಲ್ಲಿ ನೀರೆಷ್ಟು, ಹಿಟ್ಟೆಷ್ಟು ಎಂಬುದು ಕೈಯಿಂದ ಕೈಗೆ ಬೇರೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ 528 ಆಹಾರಪದಾರ್ಥಗಳ ಘಟಕಾಂಶಗಳನ್ನು ಅಳೆದು ಕೋಷ್ಟಕಗಳನ್ನು ಪ್ರಕಟಿಸಿದೆ. ಅದು ದೊಡ್ಡ ಕೆಲಸ. ಆದರೆ ಅದು ಧಾನ್ಯ, ಸೊಪ್ಪು, ಕಾಯಿಗಳ ಕೋಷ್ಟಕ. ಅವ್ವ ಮಾಡುವ ಉಪ್ಪುಸಾರಿಗೂ ಮಸ್ಸೊಪ್ಪಿಗೂ ಆಪ್ ಕೊಡುವ ಅಂಕಿ ಯಾರೋ ಊಹಿಸಿ ತುಂಬಿದ್ದು. ಇದಕ್ಕೆ ಪ್ರತಿಯಾಗಿ ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಗೆರೆಗಳಿಗೆ ಮೊಬೈಲನ್ನು ಹಿಡಿದರೆ ಗ್ರಾಮಿನ ದಶಾಂಶದವರೆಗೆ ಲೆಕ್ಕ ಬರುತ್ತದೆ. ಲೆಕ್ಕ ಸರಿಯಾಗಿ ಬರಲೆಂದು ನಾನು ಕೆಲವು ದಿನ ಸೊಪ್ಪುಸಾರನ್ನು ಬಿಟ್ಟು ಬಿಸ್ಕತ್ತು ತಿಂದದ್ದುಂಟು. ಎಂಥ ಬುದ್ಧಿ ನೋಡಿ.

ಕ್ಯಾಲೊರಿಯ ಲೆಕ್ಕವೂ ಸ್ಥೂಲವಾದದ್ದೇ. ಪಿಷ್ಟ ಮತ್ತು ಪ್ರೋಟೀನಿಗೆ ಗ್ರಾಮಿಗೆ ನಾಲ್ಕು, ಕೊಬ್ಬಿಗೆ ಒಂಬತ್ತು ಎಂಬ ಸೂತ್ರವು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗಗಳಿಂದ ಬಂದದ್ದು. ಅದು ಸರಾಸರಿ, ನಿಮ್ಮ ನನ್ನ ಜೀರ್ಣಶಕ್ತಿಯ ಅಳತೆಯಲ್ಲ. ಇನ್ನು ನಮ್ಮ ಭಾಗದಲ್ಲಿ ರಾಗಿ ತಿಂದರೆ ಸಕ್ಕರೆಯೇ ಏರದೆಂಬ ನಂಬಿಕೆಯಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 356. ಅಂತರ ನಾವೆಣಿಸಿದಷ್ಟಿಲ್ಲ. ರಾಗಿಯಲ್ಲಿ ಸುಣ್ಣದ ಅಂಶವೂ ನಾರೂ ಹೆಚ್ಚು, ಒಪ್ಪತಕ್ಕದ್ದೇ. ಆದರೆ ಅದರಲ್ಲಿಯೂ ಅತಿ ಹೆಚ್ಚಾಗಿರುವುದು ಪಿಷ್ಟ. ಎರಡು ಮುದ್ದೆ ಉಂಡು ಸಕ್ಕರೆ ಏರಿತೆಂದು ರಾಗಿಯನ್ನು ದೂರಿ ಫಲವಿಲ್ಲ. ಇದನ್ನು ಆಪಿನಿಂದ ಕಲಿತೆನೆಂದು ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಮಾತು: ನಾವು ಉಂಡದ್ದೆಲ್ಲ ಯಾವುದೋ ಸಂಸ್ಥೆಯ ಭಂಡಾರದಲ್ಲಿ ಸಂಗ್ರಹವಾಗುತ್ತದೆ. 2018ರಲ್ಲಿ ಮೈಫಿಟ್‌ನೆಸ್‌ಪಾಲ್‌ನ ಸುಮಾರು 15 ಕೋಟಿ ಖಾತೆಗಳ ವಿವರ ಕಳ್ಳರ ಪಾಲಾದದ್ದು ಸುದ್ದಿಯಾಗಿತ್ತು.

ಈಗ ಹೇಳಲು ನಾಚಿಕೆಯಾಗುವ ಸಂಗತಿಗೆ ಬರುತ್ತೇನೆ. ಎರಡು ತಿಂಗಳು ನಿಷ್ಠೆಯಿಂದ ಬರೆದರೂ ನಾನು ಒಂದನ್ನು ಬರೆಯುತ್ತಿರಲಿಲ್ಲ. ದಾಸೋಹದ ಪಾಯಸ. ಸೋಮವಾರ, ಅಮಾವಾಸ್ಯೆ, ಹುಣ್ಣಿಮೆ, ಯಾರದೋ ಹರಕೆ, ಯಾರದೋ ಸ್ಮರಣೆ, ಪಾಯಸವಿಲ್ಲದ ವಾರವಿಲ್ಲ. ಅದನ್ನು ತುಂಬಲು ಹೋದಾಗಲೆಲ್ಲ ನನ್ನ ಬೆರಳು ಹಿಂದೆಗೆಯುತ್ತಿತ್ತು. ಪದಾರ್ಥಕ್ಕೆ ಲೆಕ್ಕವುಂಟು, ಪ್ರಸಾದಕ್ಕೆ ಲೆಕ್ಕವುಂಟೆ? ಅರ್ಪಿಸಿದ ಮೇಲೆ ಪದಾರ್ಥವು ತನ್ನ ಪದಾರ್ಥತ್ವವನ್ನು ಕಳೆದುಕೊಂಡು ಪ್ರಸಾದವಾಗುತ್ತದೆಯೆಂದು ಶಾಸ್ತ್ರವೇ ಹೇಳುತ್ತದಲ್ಲ! ಹಾಗಿರುವಾಗ ಅದನ್ನು ಕ್ಯಾಲೊರಿಗೆ ಇಳಿಸುವುದು ಅಪಚಾರವೆಂದು ನನ್ನೊಳಗಿನ ಪಂಡಿತ ವಾದಿಸಿದ. ವಾದ ಗಟ್ಟಿಯಾಗಿತ್ತು. ಮೂರು ತಿಂಗಳ ಕೊನೆಗೆ ಪರೀಕ್ಷೆ ಮಾಡಿಸಿದಾಗ 6.3. ಚಹಾದ ಸಕ್ಕರೆಯನ್ನು ಬಿಟ್ಟಿದ್ದರೂ ಇಳಿದಿರಲಿಲ್ಲ, ಒಂದು ಕೂದಲೆಳೆ ಏರಿತ್ತು. ವೈದ್ಯರು ಮೊಬೈಲನ್ನು ತೆಗೆದುಕೊಂಡು ನನ್ನ ಬರವಣಿಗೆಯನ್ನೆಲ್ಲ ನೋಡಿದರು. "ಇದರ ಪ್ರಕಾರ ನೀವು ಸೊರಗಿರಬೇಕಿತ್ತಲ್ಲ" ಎಂದು ನಕ್ಕರು. ತಾವು ತಿಂದದ್ದನ್ನು ಬರೆಯುವವರು ಸಾಮಾನ್ಯವಾಗಿ ಕಡಿಮೆಯನ್ನೇ ಬರೆಯುತ್ತಾರೆಂಬುದು ಆಹಾರತಜ್ಞರಿಗೆ ಬಹುಕಾಲದಿಂದ ಗೊತ್ತಿರುವ ವಿಷಯವಂತೆ. ಎಲ್ಲರೂ ಮರೆತು ಬಿಟ್ಟರೆ ನಾನು ಶಾಸ್ತ್ರಾಧಾರಸಮೇತ ಬಿಟ್ಟಿದ್ದೆ.

ಮನಸ್ಸು ತಡೆಯದೆ ಇದನ್ನು ಪೂಜ್ಯ ಬುದ್ಧಿಯವರಲ್ಲಿ ನಿವೇದಿಸಿಕೊಂಡೆ. ಅವರು ಗದರಲಿಲ್ಲ. "ಇಷ್ಟಲಿಂಗಕ್ಕೆ ಅರ್ಪಿಸುವುದು ಏನನ್ನು?" ಎಂದು ಕೇಳಿದರು. ರೂಪವನ್ನು, ಎಂದೆ. "ಪ್ರಾಣಲಿಂಗಕ್ಕೆ?" ರುಚಿಯನ್ನು. "ಭಾವಲಿಂಗಕ್ಕೆ?" ತೃಪ್ತಿಯನ್ನು. ಶುದ್ಧ, ಸಿದ್ಧ, ಪ್ರಸಿದ್ಧ ಎಂಬ ಪ್ರಸಾದತ್ರಯವನ್ನು ನಾನು ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದೇನೆ. "ನಿಮಗೆ ತೃಪ್ತಿಯಾದದ್ದು ಎಷ್ಟನೆಯ ಸೌಟಿಗೆ?" ಎಂದು ಅಪ್ಪಣೆ ಕೊಡಿಸಿದರು. ನಾನು ಉತ್ತರ ಹೇಳಲಿಲ್ಲ. ಮೊದಲ ಬೆರಳಿನ ರುಚಿಗೇ ಆಗಿತ್ತು. ಉಳಿದದ್ದೆಲ್ಲ ನಾಲಗೆಯ ವ್ಯಾಪಾರ. ಪ್ರಸಾದವು ಪ್ರಮಾಣದಲ್ಲಿಲ್ಲವೆಂದ ಮೇಲೆ ಒಂದು ಚಿಟಿಕೆಯೂ ಪೂರ್ಣಪ್ರಸಾದವೇ. ಎರಡು ಲೋಟ ಕುಡಿದು ಅದನ್ನು ಲೆಕ್ಕದಿಂದ ಹೊರಗಿಡಲು ಪ್ರಸಾದವೆಂಬ ಹೆಸರನ್ನು ಬಳಸಿಕೊಂಡದ್ದೇ ನಿಜವಾದ ಅಪಚಾರವಾಗಿತ್ತು. ನಮ್ಮ ಭಕ್ತರಲ್ಲಿ ಸಕ್ಕರೆ ಕಾಯಿಲೆಯುಳ್ಳ ಎಷ್ಟೋ ಹಿರಿಯರು ಬೇಡವೆಂದರೆ ಪಾಪ ಬರುವುದೆಂದು ಹೆದರಿ ಸಿಹಿಯನ್ನು ಹಾಕಿಸಿಕೊಳ್ಳುವುದನ್ನು ಕಂಡಿದ್ದೇನೆ. ಆ ಹಿರಿಯರಿಗಾಗಿಯೇ ನನ್ನ ತಪ್ಪನ್ನು ಇಲ್ಲಿ ಬಯಲುಮಾಡಿದ್ದು. ಮರುವಾರದಿಂದ ದಾಸೋಹದಲ್ಲಿ ಸಿಹಿಯನ್ನು ಕೇಳಿ ಬಡಿಸುವಂತೆ ಬುದ್ಧಿಯವರ ಅಪ್ಪಣೆಯಾಯಿತು.

ಅದೇ ತಿಂಗಳು ಅಪ್ಪನವರ ಪುಣ್ಯಸ್ಮರಣೆಗೆ ಊರಿಗೆ ಹೋದೆ. ಜಂಗಮಮೂರ್ತಿಗಳ ಪಾದಪೂಜೆಯಾಗಿ, ಪಡಸಾಲೆಯಲ್ಲಿ ಪಂಕ್ತಿ ಕುಳಿತಿತು. ಅಪ್ಪನಿಗೆ ಪ್ರಿಯವಾದ ಒಬ್ಬಟ್ಟು, ಹಿದುಕಿದ ಅವರೆಬೇಳೆ ಸಾರು, ಅನ್ನ. ಪಾಠ ಕಲಿತವನ ಅತಿಯುತ್ಸಾಹದಿಂದ ನಾನು ಮೊಬೈಲನ್ನು ಎತ್ತಿ ಎಲೆಯ ಚಿತ್ರ ತೆಗೆದು, ಒಬ್ಬಟ್ಟಿನ ಹೆಸರನ್ನು ಹುಡುಕುತ್ತ ಕುಳಿತೆ. ಅವ್ವ ತುಪ್ಪದ ಗಿಂಡಿಯನ್ನು ಹಿಡಿದು ಎದುರಿಗೆ ನಿಂತಿದ್ದರು.

"ಅದ್ರಲ್ಲಿ ಏನ್ ನೋಡ್ತಿದ್ದೀಯ ಮಗ?"

ಹೇಳಿದೆ. ಅವ್ವನಿಗೆ ನೋವಾಗುವುದೆಂದುಕೊಂಡಿದ್ದೆ. ಅವರು ತಲೆದೂಗಿದರು. "ಬರ್ಕೊ. ನಿಮ್ಮಪ್ಪನ್ಗೂ ಡಾಕ್ಟ್ರು ಬರ್ದಿಡಿ ಅಂದಿದ್ರು. ಅವ್ರ್ಗ ಬರ್ಯಕ್ಕೆ ಬರ್ತಿರ್ಲಿಲ್ಲ, ನನ್ಗೂ ಬರ್ತಿರ್ಲಿಲ್ಲ. ನೀನು ಹಾಸ್ಟೆಲ್ನಲ್ಲಿದ್ದೆ." ಸ್ವಲ್ಪ ತಡೆದು ಹೇಳಿದರು: "ಆದ್ರ ಉಂಡಾದ್ ಮೇಲ ಬರ್ಕೊ ಮಗ. ಎದುರ್ಗ ಕುಂತವ್ರು ನಿನ್ನೇ ಕಾಯ್ತಾವ್ರ."

ತಲೆಯೆತ್ತಿ ನೋಡಿದೆ. ನಿಜವಾಗಿಯೂ ಎಲ್ಲರೂ ಕಾಯುತ್ತಿದ್ದರು. ಎಲೆಯ ಮೇಲೆ ಕೈಯಿಡದೆ, ಏನೂ ಅನ್ನದೆ. ಜಂಗಮರೂ ಕಾಯುತ್ತಿದ್ದರು. ರೂಪವನ್ನು ಮೊಬೈಲಿಗೆ ಅರ್ಪಿಸಿಯಾಗಿತ್ತು, ರುಚಿ ಆರುತ್ತಿತ್ತು. ನಾನು ಅದನ್ನು ಮುಚ್ಚಿ ಪಕ್ಕಕ್ಕಿಟ್ಟೆ. ಅರ್ಧ ಒಬ್ಬಟ್ಟು ಹಾಕಿಸಿಕೊಂಡೆ.

ಸಂಜೆ ಅಡುಗೆಮನೆಯಲ್ಲಿ ಕುಳಿತು ಅವ್ವನ ಲೆಕ್ಕವನ್ನು ನೋಡಿದೆ. ಅಕ್ಕಿಯ ಡಬ್ಬದೊಳಗೆ ಹಳೆಯ ಹಿತ್ತಾಳೆಯ ಪಾವು ಇದೆ. ಈಗ ಮನೆಯಲ್ಲಿ ಇರುವವರು ಅವ್ವ, ಅಕ್ಕ, ಅಕ್ಕನ ಮಗಳು. ಹೊತ್ತಿಗೆ ಒಂದು ಪಾವು ಅಕ್ಕಿ, ತಲೆಗೋಲು ಹೊಡೆದು. ಅಳೆದಾದ ಮೇಲೆ ಅದರಿಂದ ಒಂದು ಹಿಡಿಯನ್ನು ತೆಗೆದು ಪಕ್ಕದ ಮಡಕೆಗೆ ಹಾಕುತ್ತಾರೆ. ಆ ಮಡಕೆ ತುಂಬಿದಾಗ ಅದು ಮಠದ ದಾಸೋಹಕ್ಕೆ. ಈ ಹಿಡಿಯಕ್ಕಿಯನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೇನೆ, ಆದರೆ ಅದನ್ನು ಅಳತೆಯೆಂದು ಎಂದೂ ಎಣಿಸಿರಲಿಲ್ಲ. ಅಳೆದಾದ ಮೇಲೆ ಏಕೆ ತೆಗೆಯುವುದು, ಮೊದಲೇ ಬೇರೆಯಾಗಿ ತೆಗೆದಿಡಬಾರದೆ ಎಂದು ಕೇಳಿದೆ. "ನಮ್ ಪಾಲ್ನಲ್ಲೇ ಕಮ್ಮಿ ಆಗ್ಬೇಕಲ್ಲ" ಎಂದರು. ಉಂಡದ್ದನ್ನು ಕೂಡಿಸುವ ಕೋಷ್ಟಕ ನನ್ನ ಮೊಬೈಲಿನಲ್ಲಿದೆ. ಉಣ್ಣದೆ ತೆಗೆದಿಟ್ಟದ್ದನ್ನು ಬರೆಯಲು ಅದರಲ್ಲಿ ಜಾಗವಿಲ್ಲ. ಲಕ್ಕಮ್ಮನವರ ಪ್ರಸಂಗವನ್ನು ನಾನು ಈಗ ಬೇರೆಯಾಗಿ ಓದುತ್ತೇನೆ: ಆ ತಾಯಿಗೆ ತಿಳಿದಿದ್ದ ಅಳತೆ ತಾನು ಎಷ್ಟು ಉಣ್ಣಬೇಕೆಂಬುದಷ್ಟೇ ಆಗಿರಲಿಲ್ಲ, ಅಂಗಳದಲ್ಲಿ ಇತರರಿಗೆ ಎಷ್ಟು ಉಳಿಯಬೇಕೆಂಬುದೂ ಆಗಿತ್ತು.

ಆಪನ್ನು ನಾನು ತೆಗೆದುಹಾಕಿಲ್ಲ. ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿದು, ಕೈ ಒರೆಸಿಕೊಂಡ ಮೇಲೆ ಪಾಯಸವನ್ನೂ ಸೇರಿಸಿ ಬರೆಯುತ್ತೇನೆ. ಚಿತ್ರ ತೆಗೆಯುವುದನ್ನು ಬಿಟ್ಟಿದ್ದೇನೆ. ಮುದ್ದೆಗೆ ನಮ್ಮ ಉಗ್ರಾಣದ ತೂಕವನ್ನೇ ತುಂಬುತ್ತೇನೆ. ಸಂಜೆ ಗ್ರಂಥಾಲಯದಿಂದ ಹೊಳೆಯವರೆಗೆ ನಡೆಯುತ್ತೇನೆ. ಕಳೆದ ತಿಂಗಳ ಪರೀಕ್ಷೆಯಲ್ಲಿ 5.9 ಬಂತು, ಹೊಸ್ತಿಲಿನಿಂದ ಇನ್ನೂ ಕೆಳಗಿಳಿದಿಲ್ಲ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಮುಂದಿನ ಸಲ ನೋಡೋಣವೆಂದು ವೈದ್ಯರು ಹೇಳಿದ್ದಾರೆ. ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಭಕ್ತರು ಆಪಿನ ಮಾತು ಕೇಳಿ ಊಟವನ್ನು ಏಕಾಏಕಿ ಕಡಿಮೆ ಮಾಡಬಾರದು. ಸಕ್ಕರೆ ತೀರಾ ಇಳಿದು ಬವಳಿ ಬಂದು ಬೀಳುವ ಅಪಾಯವುಂಟು. ಅಂಥವರು ತಮ್ಮ ವೈದ್ಯರನ್ನೇ ಕೇಳತಕ್ಕದ್ದು.

ಊರಿನಿಂದ ಹೊರಡುವಾಗ ಅವ್ವನ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿದೆ. ಅವರೂ ನನ್ನ ಜೊತೆಗೇ ಹೊಸ್ತಿಲ ಮೇಲಿದ್ದಾರೆ. ಅವರದು ಗುಂಡಿಯೊತ್ತುವ ಹಳೆಯ ಫೋನು. ಆದ್ದರಿಂದ ಭಾನುವಾರ ರಾತ್ರಿ ಅವರು ಹೇಳುತ್ತಾರೆ, ನಾನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಮೊನ್ನೆ, "ಒಂದ್ ಮುದ್ದೆ, ಹುರುಳಿಕಾಳ್ ಸಾರು, ಮಜ್ಗೆ, ಅಷ್ಟೇಯ" ಎಂದರು. ಹಿಂದಿನಿಂದ ಅಕ್ಕನ ಮಗಳ ಕೂಗು ಕೇಳಿಸಿತು: "ಅಜ್ಜಿ, ಕಜ್ಜಾಯ! ಕಜ್ಜಾಯ ಹೇಳ್ಲಿಲ್ಲ!" ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. "ಅದು ದೇವಸ್ಥಾನದ್ದು ಮಗ" ಎಂದರು. ಎಷ್ಟು ಎಂದು ಕೇಳಿ, ಬರೆದುಕೊಂಡೆ.